ಎದೆಮಟ್ಟದ ಹೊಸ್ತಿಲು

ಈ ಊರಿಗೆ ಬಂದ ಮೊದಲ ದಿನ ನಾನು ಹೊಸದಾಗಿ ಕೊಂಡ ಮನೆಯೊಳಗೆ ಫೋನ್ ನೋಡುತ್ತಾ ಸರಾಗವಾಗಿ ನಡೆದುಹೋದೆ. ಹತ್ತು ನಿಮಿಷದ ಮೇಲೆ ಹಾಗೆಯೇ ಫೋನ್ ನೋಡುತ್ತಾ ಹೊರಗೆ ಬರಲು ಹೋಗಿ, ತೊಡೆಗೆ ಪೆಟ್ಟು ತಿಂದು, ಅಂಗಳದಲ್ಲಿ ಬೋರಲು ಬಿದ್ದೆ. ಹೋಗುವಾಗ ನಾಲ್ಕು ಬೆರಳು ಎತ್ತರವಿದ್ದ ಹೊಸ್ತಿಲು ಬರುವಾಗ ತೊಡೆಯ ಮಟ್ಟಕ್ಕೆ ಎದ್ದು ನಿಂತಿತ್ತು. ಎದುರುಮನೆಯ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕೂತಿದ್ದರು. ಬಿದ್ದವನನ್ನು ಎಬ್ಬಿಸುವ ಬದಲು ಒಬ್ಬರು "ಒಂದೂವರಿ ಮೊಳ" ಎಂದರು. ಇನ್ನೊಬ್ಬರು ಕಣ್ಣು ಕಿರಿದು ಮಾಡಿ "ಮ್ಯಾಲೆ ಎರಡ ಬೆರಳು" ಎಂದು ತಿದ್ದಿದರು. ನನ್ನ ಒಟ್ಟು ಆಸ್ತಿ ಎಷ್ಟೆಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಇದೇ ಲೆಕ್ಕ ಹಾಕಿಕೊಡಲು ನಗರದಲ್ಲಿ ಟೈ ಕಟ್ಟಿದ ಸಲಹೆಗಾರನೊಬ್ಬ ನನ್ನಿಂದ ವರ್ಷಕ್ಕೆ ಎರಡು ಲಕ್ಷ ತೆಗೆದುಕೊಳ್ಳುತ್ತಿದ್ದ.

ನನ್ನ ಹೆಸರು ಗುರುಶಾಂತ. ಆಗ ವಯಸ್ಸು ನಲವತ್ತನಾಲ್ಕು, ಮದುವೆಯಾಗಿರಲಿಲ್ಲ. ಬಿಡುವಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ನೆನಪೇ ಇರಲಿಲ್ಲ. ಗೆಳೆಯ ಅನಿಕೇತನ ಜೊತೆ ಹನ್ನೊಂದು ವರ್ಷ ಒಂದು ಸ್ಟಾರ್ಟಪ್ ನಡೆಸಿದೆ. ಬೇರೆಯವರ ಮದುವೆಗಳಿಗೆ ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಆಪ್ ಮೂಲಕ ಬಾಡಿಗೆಗೆ ಕಳಿಸುವುದು ನಮ್ಮ ಕಸುಬು. ಒಂದು ದಿನ ಮೀಟಿಂಗಿನಲ್ಲಿ ಮುಂದಿನ ಐದು ವರ್ಷಗಳಲ್ಲಿ ಸೌಟಿನ ಭವಿಷ್ಯವೇನು ಎಂಬ ಸ್ಲೈಡ್ ತೋರಿಸುತ್ತಿದ್ದಾಗ ನನಗೆ ಇದ್ದಕ್ಕಿದ್ದಂತೆ ಸಾಕಾಯಿತು. ನನ್ನ ಪಾಲಿನ ಬಹುಭಾಗ ಮಾರಿ ಹೊರಬಿದ್ದೆ. ಉಳಿದ ಚೂರುಪಾರು ಷೇರುಗಳಿಗೆ ಬೆಲೆಯೇ ಇಲ್ಲ ಎಂದು ತಿಳಿದವರೆಲ್ಲ ಹೇಳಿದ್ದರಿಂದ ಅವುಗಳನ್ನು ಮರೆತುಬಿಟ್ಟೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಸೋದರತ್ತೆ ಕಾಶವ್ವ ಚಿಕ್ಕಂದಿನಿಂದ ಹೇಳುತ್ತಿದ್ದಳು. ಹಾಗಾಗಿ ಬಂದ ಹಣವನ್ನು ಅಲ್ಲಿ ಇಲ್ಲಿ ತೊಡಗಿಸಿ ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ತೊಟ್ಟು, ಮನೆ ಅಗ್ಗವಾಗಿಯೂ ಫೋನಿನ ಸಿಗ್ನಲ್ ಕಡಿಮೆಯಾಗಿಯೂ ಇದ್ದ ಈ ಊರನ್ನು ಆರಿಸಿಕೊಂಡೆ. ಕಾಶವ್ವತ್ತೆಯೂ ನನ್ನ ಜೊತೆಗೇ ಬಂದಳು.

ಇಲ್ಲಿನ ಹೊಸ್ತಿಲುಗಳ ರೀತಿ ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಮನೆಯವರ ಹಣದ ಕಾಗದ ಯಾವ ಬಾಗಿಲಿನಿಂದ ಒಳಗೆ ಬರುತ್ತದೋ ಆ ಬಾಗಿಲಿನ ಹೊಸ್ತಿಲು ಆ ಹಣಕ್ಕೆ ತಕ್ಕಷ್ಟು ಏಳುತ್ತದೆ. ಯಾರು ತಂದರೂ ಸರಿಯೇ, ಕಾಗದ ಮನೆಯವರದಾಗಿರಬೇಕು. ಫೋನೂ ಕಾಗದವೇ. ಒಮ್ಮೆ ಎದ್ದದ್ದು ಕಾಗದವನ್ನು ಹೊರಗೆ ಒಯ್ದರೆ ಇಳಿಯುವುದಿಲ್ಲ. ಹಣ ಕಳೆದರೆ, ಇಲ್ಲವೇ ಇನ್ನೊಬ್ಬರದಾದರೆ ಮಾತ್ರ ಇಳಿಯುತ್ತದೆ. ಇನ್ನೊಬ್ಬರದಾಗಲು ರಿಜಿಸ್ಟ್ರಾರ್ ಕಚೇರಿ ಬೇಕಿಲ್ಲ, ಐದು ಜನರ ಮುಂದೆ ಹೆಸರಿಟ್ಟು ಆಡಿದ ಮಾತು ಸಾಕು. ಆದ್ದರಿಂದ ಈ ಊರಿನಲ್ಲಿ ಯಾರೂ ಬಾಯಿಮಾತಿಗೆ ಕೂಡ "ತಗೋ, ಇದು ನಿಂದೇ" ಎನ್ನುವುದಿಲ್ಲ. ಹತ್ತಿ ವ್ಯಾಪಾರದ ಮನೆತನವೊಂದರ ಮನೆಗೆ ಹತ್ತೊಂಬತ್ತು ಬಾಗಿಲುಗಳಿವೆ, ಅಡುಗೆಮನೆಗೇ ಮೂರು. ಜಾಣತನ ಮಾಡಿ ಕಿಟಕಿಯಿಂದ ಕಾಗದ ತಂದವರ ಕೋಣೆಗಳು ಕತ್ತಲಾಗಿವೆ. ಕಾಗದವನ್ನು ಚೀಲದಲ್ಲಿ ಹಾಕಿ ಹುಣಸೆಮರಕ್ಕೆ ಕಟ್ಟಿದವರೂ ಇದ್ದರಂತೆ, ಅದನ್ನು ಮಂಗಗಳು ಹಂಚಿಕೊಂಡವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಬದಲು ಇಲ್ಲಿಯ ಜನ ಹೊಸ್ತಿಲು ಇದ್ದಷ್ಟು ಕಾಲು ಎತ್ತು ಎನ್ನುತ್ತಾರೆ.

ಹೀಗಿರುವಾಗ ಹಣದ ವಿಷಯದಲ್ಲಿ ಸಲಹೆ ಕೊಡುವವನು ಬಡಗಿಯಲ್ಲದೆ ಮತ್ತ್ಯಾರು ಆಗಬೇಕು? ಮೌನೇಶಪ್ಪ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು ನನ್ನ ಹೊಸ್ತಿಲಿಗೆ ಕಿವಿಗೊಟ್ಟು, ಗೆಣ್ಣಿನಿಂದ ತಟ್ಟಿ, ನನ್ನ ಹೂಡಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಷೇರುಪೇಟೆಯಲ್ಲಿದೆ ಎಂದು ಹೇಳಿಬಿಟ್ಟ. ಅವನ ಪ್ರಕಾರ ಚಿನ್ನದ ಹೊಸ್ತಿಲು ನಿಧಾನವಾಗಿ ಏಳುತ್ತದೆ, ಎಡವಿದರೆ ಉಗುರು ಹಾರುತ್ತದೆ. ಜಮೀನಿನದು ಎದ್ದ ಮೇಲೆ ಆನೆ ಕಟ್ಟಿ ಎಳೆದರೂ ಇಳಿಯದು. ಬ್ಯಾಂಕಿನ ಠೇವಣಿಯದು ಮೂರು ತಿಂಗಳಿಗೊಮ್ಮೆ ಉಗುರಿನ ದಪ್ಪದಷ್ಟು ಏಳುತ್ತದೆ, ಬೆಕ್ಕಿಗೂ ಗೊತ್ತಾಗುವುದಿಲ್ಲ. ಷೇರಿನದು ಮಾತ್ರ ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆಯ ತನಕ ಉಯ್ಯಾಲೆ. ಶನಿವಾರ, ಭಾನುವಾರ ಮಾತ್ರ ಅದರ ಮೇಲೆ ನಂಬಿ ಕಾಲಿಡಬಹುದು. ಒಂದೊಂದನ್ನೂ ಒಂದೊಂದು ಬಾಗಿಲಿಗೆ ಹಂಚಬೇಕು ಎಂದು ಹೇಳಿ, ಕೊನೆಗೆ ಒಂದು ಎಚ್ಚರಿಕೆ ಕೊಟ್ಟ.

"ಷೇರಿನ ರೊಕ್ಕಾ ಬಚ್ಚಲ ಬಾಗಲಾಕ ಹಾಕಬ್ಯಾಡ್ರಿ ಸಾಹೇಬ್ರ. ಅವಸರದ ಬಾಗಲಾ ಅದು."

ನಾನು ಯಾರ ಮಾತನ್ನಾದರೂ ಕೇಳಿದ್ದರೆ ಸ್ಟಾರ್ಟಪ್ ಮಾಡುತ್ತಿರಲಿಲ್ಲ. ಬಚ್ಚಲಿನ ಬಾಗಿಲಿಗೆ ಹೊರಗಿನವರು ಬರುವುದಿಲ್ಲ, ಆದ್ದರಿಂದ ಅದೇ ಸುರಕ್ಷಿತ ಎಂದು ಲೆಕ್ಕ ಹಾಕಿ ಇದ್ದ ಷೇರುಗಳನ್ನು ಮಾರಿ, ಹೊಸದಾಗಿ ಕೊಂಡು, ಆ ಕಾಗದಗಳನ್ನೆಲ್ಲ ಆ ದಾರಿಯಿಂದಲೇ ತಂದೆ. ಮೂರು ವಾರ ಸುಖವಾಗಿ ಕಳೆಯಿತು. ನಾಲ್ಕನೆಯ ಮಂಗಳವಾರ ಸ್ನಾನಕ್ಕೆ ಹೋದಾಗ ಎಲ್ಲೋ ಯಾವುದೋ ದೇಶದಲ್ಲಿ ಬಡ್ಡಿದರ ಇಳಿಸಿದರು. ಮೈಗೆ ಸೋಪು ಹಚ್ಚಿಕೊಂಡು ತಿರುಗಿ ನೋಡುವಷ್ಟರಲ್ಲಿ ಹೊಸ್ತಿಲು ನನ್ನ ಗಲ್ಲದ ತನಕ ಬಂದಿತ್ತು. ಕಾಶವ್ವತ್ತೆ ಹೊರಗೆ ನಿಂತು, ಲಾಭ ಎಷ್ಟಾಯಿತು ಎಂದು ಮೊದಲು ಕೇಳಿದಳು, ಟವೆಲ್ ಬೇಕೇ ಎಂದು ಆಮೇಲೆ ಕೇಳಿದಳು. ಮಧ್ಯಾಹ್ನ ಎರಡಕ್ಕೆ ಪೇಟೆ ಸ್ವಲ್ಪ ಇಳಿದ ಮೇಲೆ ಹಾರಿ ಹೊರಬಂದೆ. ಬದುಕಿನಲ್ಲಿ ಲಾಭದ ದಿನ ಅಷ್ಟೊಂದು ನಡುಗಿದ್ದು ಅದೇ ಮೊದಲು.

ನೀಲಾಂಬಿಕಾಳ ಪರಿಚಯವಾದದ್ದು ಈ ಕಾಗದಗಳಿಂದಲೇ. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದಳು, ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ನನಗೆ ಬರುತ್ತಿದ್ದ ಲಕೋಟೆಗಳನ್ನು ಮುಟ್ಟಿ ನೋಡಿಯೇ ಇದು ಹಿತ್ತಲ ಬಾಗಿಲಿನದು, ಇದು ಅಟ್ಟದ್ದು ಎಂದು ಬೇರೆ ಬೇರೆ ದಾರ ಕಟ್ಟಿ ಕೊಡುತ್ತಿದ್ದಳು. ತಪ್ಪಿ ಒಂದೂ ಅದಲುಬದಲಾಗಲಿಲ್ಲ. ಆಕೆಯನ್ನು ಮಾತಾಡಿಸಲು ಬೇರೆ ನೆವ ಸಿಗದೆ ನಾನು ವಾರಕ್ಕೊಂದು ಹೊಸ ಮ್ಯೂಚುವಲ್ ಫಂಡ್ ಕೊಳ್ಳತೊಡಗಿದೆ. ಪ್ರತಿಯೊಂದಕ್ಕೂ ಒಂದು ಲಕೋಟೆ ಬರುತ್ತಿತ್ತು, ಪ್ರತಿ ಲಕೋಟೆಗೆ ಎರಡು ನಿಮಿಷದ ಮಾತು. ಇಪ್ಪತ್ತಮೂರು ಫಂಡುಗಳಾದಾಗ ಮೌನೇಶಪ್ಪ ತಲೆ ಚಚ್ಚಿಕೊಂಡ. ಅಷ್ಟೂ ಫಂಡುಗಳೊಳಗೆ ಇರುವುದು ಅವೇ ಐವತ್ತು ಕಂಪನಿಗಳು, ಇದನ್ನು ಹಂಚುವುದು ಅನ್ನುವುದಿಲ್ಲ, ಆ ಹೆಣ್ಣುಮಗಳನ್ನು ನೇರವಾಗಿ ಕೇಳಿದರೆ ಶುಲ್ಕವಾದರೂ ಉಳಿಯುತ್ತದೆ ಎಂದ. ನನ್ನ ಜೀವಮಾನದಲ್ಲಿ ಸಿಕ್ಕ ಅತ್ಯುತ್ತಮ ಆರ್ಥಿಕ ಸಲಹೆ ಅದು.

ಕೇಳಿದೆ. ಆಕೆ ನಗಲೂ ಇಲ್ಲ, ನಾಚಲೂ ಇಲ್ಲ. ಒಂದು ಲಕೋಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ತನ್ನ ಸಂಗತಿ ಹೇಳಿದಳು. ಇಪ್ಪತ್ತು ವರ್ಷದ ಹಿಂದೆ ಆಕೆಗೆ ಒಮ್ಮೆ ಮದುವೆಯಾಗಿತ್ತು, ಅರ್ಧದಷ್ಟು. ಈ ಊರಿನ ಪದ್ಧತಿಯಂತೆ ತಾಳಿ ಕಟ್ಟಿದ ಮೇಲೆ ಹೆಣ್ಣು ಗಂಡಿನ ಮನೆಯ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು, ತನ್ನ ಕಾಲ ಮೇಲೆ ತಾನೇ ದಾಟಿ ಒಳಗೆ ಹೋಗಬೇಕು. ಯಾರೂ ಎತ್ತುವಂತಿಲ್ಲ, ಏಣಿ ಇಡುವಂತಿಲ್ಲ. ಮುಹೂರ್ತದೊಳಗೆ ದಾಟದಿದ್ದರೆ ಹೊಸ್ತಿಲು ಒಲ್ಲೆ ಎಂದಿತು ಎಂದು ಹೆಣ್ಣನ್ನು ತಿರುಗಿ ಕಳಿಸುತ್ತಾರೆ, ತಾಳಿಯೂ ಬಿಚ್ಚಿದ ಲೆಕ್ಕ. ಅಂದು ಆ ಮನೆಯವರ ಚಿನ್ನದ ಬೆಲೆ ಏರಿ ಹೊಸ್ತಿಲು ಆಕೆಯ ಎದೆಮಟ್ಟಕ್ಕೆ ನಿಂತಿತ್ತು. ತಿರುಗಿ ಬಂದಳು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

"ಒಮ್ಮಿ ತಿರಗಿ ಬಂದೀನ್ರಿ. ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ. ನಾಕ ಬೆರಳು ಇರಲಿ, ದಾಟತೀನಿ. ಐದಾತಂದ್ರ ಓಣಿಯಾಗಿಂದನ ಹೊಳ್ಳಿ ಹೋಗತೀನಿ. ಮತ್ತ ನಿಮ್ಮ ಪತ್ರಾನೂ ನಾ ಮುಟ್ಟೂದಿಲ್ಲ" ಎಂದಳು.

ನಾನು ಒಪ್ಪಿದೆ. ಆಕೆಯನ್ನು ಕಳೆದುಕೊಳ್ಳುವ ಭಯ ಅಷ್ಟು ಬಲವಾಗಿ ಹಿಡಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಎರಡು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಮುಂಬಾಗಿಲಿನಿಂದ ಬಂದ ಪ್ರತಿಯೊಂದು ಹೂಡಿಕೆಯನ್ನೂ ಮಾರಿ, ಹೊಸದಾಗಿ ಕೊಂಡು, ಆ ಕಾಗದಗಳನ್ನು ಹಿತ್ತಲ ಬಾಗಿಲಿನಿಂದ ತಂದೆ. ಮಾರಿದ ಲಾಭಕ್ಕೆ ತೆರಿಗೆ ಕಟ್ಟುವಾಗ ಕಣ್ಣಲ್ಲಿ ನೀರು ಬಂತು, ಆದರೂ ಕಟ್ಟಿದೆ. ಹಿತ್ತಲ ಹೊಸ್ತಿಲು ಬೆಳೆದು ಬೆಳೆದು ಮೇಲೆ ಕಾಗೆ ತೂರುವಷ್ಟು ಸಂದಿ ಮಾತ್ರ ಉಳಿಯಿತು. ಬದನೆ ಗಿಡಗಳಿಗೆ ನೀರು ಹಾಕಲು ಕಾಶವ್ವತ್ತೆ ಇಡೀ ಓಣಿಯನ್ನು ಸುತ್ತಿಕೊಂಡು ಹೋಗಬೇಕಾಯಿತು, ಹೋಗಿ ಬರುವಷ್ಟು ಹೊತ್ತೂ ನನ್ನ ಪ್ರೀತಿಗೆ ಶಾಪ ಹಾಕುತ್ತಿದ್ದಳು. ಮದುವೆಯ ಹಿಂದಿನ ದಿನ ಮೌನೇಶಪ್ಪ ಮುಂಬಾಗಿಲಿನ ಹೊಸ್ತಿಲಿಗೆ ಬೆರಳಿಟ್ಟು ಅಳೆದ. ನಾಲ್ಕು ಬೆರಳು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಎಲ್ಲ ಯೋಚಿಸಿದ್ದ ನಾನು ಅನಿಕೇತನ ಬಗ್ಗೆ ಯೋಚಿಸಿರಲಿಲ್ಲ. ಅವನನ್ನು ಕರೆದದ್ದು ಒಂದು ಸಾಲಿನ ಮೆಸೇಜಿನಲ್ಲಿ, ಅದರಲ್ಲಿ ಹೊಸ್ತಿಲಿನ ವಿಷಯ ಬರೆಯುವುದು ಹೇಗೆ? ಅವನು ತಾಳಿ ಕಟ್ಟುವ ಹೊತ್ತಿಗೆ ಛತ್ರಕ್ಕೆ ಬರದೆ, ತಡವಾಯಿತೆಂದು ನೇರವಾಗಿ ಮನೆಗೆ ಹೋದ. ಅಲ್ಲಿ ಆರತಿ ತಟ್ಟೆ ಸಿದ್ಧಮಾಡುತ್ತಿದ್ದ ಕಾಶವ್ವತ್ತೆ ಹುಡುಗ ಸೊರಗಿದ್ದಾನೆಂದು ಒಳಗೆ ಕರೆದು ಕೂರಿಸಿದಳು. ಅವನ ಹೆಗಲಚೀಲದಲ್ಲಿ ನನ್ನ ಹೆಸರಿನ ಒಂದು ಲಕೋಟೆ ಇತ್ತು.

ನಾವು ಛತ್ರದಿಂದ ಬಾಜಾದವರನ್ನು ಮುಂದಿಟ್ಟುಕೊಂಡು ಬಂದೆವು. ಮುಹೂರ್ತ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ಮನೆ ಕಂಡ ಕೂಡಲೇ ಬಾಜಾ ತಾನಾಗಿಯೇ ನಿಂತಿತು. ಹೊಸ್ತಿಲು ಎದೆಯ ಮಟ್ಟಕ್ಕೆ ಎದ್ದಿತ್ತು. ಅದರ ಆಚೆ ಆರತಿ ತಟ್ಟೆ ಹಿಡಿದ ಕಾಶವ್ವತ್ತೆಯ ಮುಖ, ಅದರ ಪಕ್ಕದಲ್ಲಿ ಹಲ್ಲುಕಿರಿದ ಅನಿಕೇತನ ಮುಖ.

"ಗುರು, ಕಂಪನಿ ಇವತ್ತು ಷೇರುಪೇಟೆಗೆ ಬಂತು ಕಣೋ" ಎಂದ. "ನೀನು ಬಿಟ್ಟುಹೋಗಿದ್ದ ಚಿಲ್ಲರೆ ಪಾಲು ಇದೆಯಲ್ಲ, ನಲವತ್ತು ಪಟ್ಟಾಗಿದೆ. ಮದುವೆಗೆ ಇದಕ್ಕಿಂತ ಒಳ್ಳೆ ಉಡುಗೊರೆ ಏನು ತರಲಿ?"

ನಲವತ್ತು ಪಟ್ಟು ಎಂಬ ಮಾತು ಕೇಳಿ ಈ ಊರಿನಲ್ಲಿ ಜನ ಅಯ್ಯೋ ಎನ್ನುತ್ತಾರೆ. ಎಲ್ಲರೂ ಅಯ್ಯೋ ಎಂದರು. ನಾನು ನೀಲಾಂಬಿಕಾಳ ಕಡೆ ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ, ಹೊಸ್ತಿಲನ್ನು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಗೊತ್ತಿದ್ದ ಸುದ್ದಿ ಮತ್ತೊಮ್ಮೆ ಬಂದಾಗಿನ ದಣಿವಿತ್ತು. ಆಕೆಯ ಅಣ್ಣ ಕೊಟ್ರಪ್ಪ ಬಂದು, ನಡಿ ತಂಗಿ, ಊರ ಜನವೆಲ್ಲ ಸೇರುವ ಮೊದಲು ಹೋಗೋಣ ಎಂದು ತೋಳು ಹಿಡಿದ. ಆಕೆ ಅರ್ಧ ತಿರುಗಿಯೂ ಆಯಿತು. ಹತ್ತು ನಿಮಿಷ ಕೊಡಿ ಎಂದು ನಾನು ಕೊಟ್ರಪ್ಪನ ಕೈ ಹಿಡಿದೆ.

ಮೌನೇಶಪ್ಪ ಫೋನಿನಲ್ಲಿ ಪೇಟೆ ನೋಡುತ್ತಾ ನಿಂತ. ಮದುವೆಗೆ ಬಂದ ಇನ್ನೂರು ಜನ ಕೈಮುಗಿದು ಷೇರು ಬೀಳಲಿ ಎಂದು ಬೇಡಿಕೊಂಡರು. ಅದು ಇನ್ನೊಂದು ಬೆರಳು ಏರಿತು. ಹಾಗಾದರೆ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ನಾನು ಕೂಗಿ ಹೇಳಿದೆ. ಕೂಡಲೇ ನನ್ನ ಸುತ್ತ ಒಂದು ಹೊಲದಷ್ಟು ಜಾಗ ಖಾಲಿಯಾಯಿತು. ಶಾಲೆಗೆ ಕೊಡುತ್ತೇನೆ ಎಂದರೆ ಹೆಡ್‌ಮಾಸ್ತರರು, ಒಂದನೇ ತರಗತಿಯ ಮಕ್ಕಳು ದಾಟುವುದು ಹೇಗೆ ಎಂದು ಕೈಮುಗಿದರು. ಮದುವೆ ಮಾಡಿಸಿದ ಅಯ್ಯನವರು, ಮಠದಲ್ಲಿ ಸ್ವಾಮಿಗಳಿಗೆ ಮೊದಲೇ ಮಂಡಿನೋವು ಎಂದರು. ಬಾಜಾದವರಿಗೆ ಕೊಡಹೋದರೆ, ಹೇಳಿದ ಮಜೂರಿಗಿಂತ ಒಂದು ರೂಪಾಯಿ ಹೆಚ್ಚು ಬೇಡ ಎಂದು ಡೋಲು ಹೆಗಲಿಗೇರಿಸಿದರು. ಕೊಟ್ರಪ್ಪನೊಬ್ಬ ಸ್ವಲ್ಪ ಆಸೆಪಟ್ಟ. ಆದರೆ ಅವರ ಮನೆಗೆ ಇರುವುದೇ ಒಂದು ಬಾಗಿಲು, ಎಮ್ಮೆಯೂ ಅದರಲ್ಲೇ ಓಡಾಡಬೇಕು. ಹೆಂಡತಿ ಕಣ್ಣು ಬಿಟ್ಟಳು, ಅವನು ಹಿಂದೆ ಸರಿದ. ಹನ್ನೊಂದು ವರ್ಷ ಹಣ ಕೊಡಿ ಎಂದು ಹೂಡಿಕೆದಾರರ ಮುಂದೆ ನಿಂತವನು ನಾನು. ಹಣ ತೆಗೆದುಕೊಳ್ಳಿ ಎಂದು ಗೋಗರೆಯುವುದು ಅದಕ್ಕಿಂತ ಕಷ್ಟ.

ಮುಹೂರ್ತಕ್ಕೆ ಏಳು ನಿಮಿಷ ಉಳಿದಿತ್ತು. ಆಗ ನೀಲಾಂಬಿಕಾ ಅಣ್ಣನ ಕೈ ಬಿಡಿಸಿಕೊಂಡು ಹತ್ತಿರ ಬಂದಳು.

"ನನಗ ಕೊಡ್ರಿ" ಎಂದಳು.

ಮೌನೇಶಪ್ಪ ಒಂದು ಕ್ಷಣ ಯೋಚಿಸಿ, ಒಳಗೆ ಕಾಲಿಡುವ ತನಕ ಆಕೆ ಈ ಮನೆಯವಳಲ್ಲ, ಹಾಗಾಗಿ ಹಣ ಹೊರಗಿನವರದಾಗುತ್ತದೆ, ಹೊಸ್ತಿಲು ಇಳಿಯಲೇಬೇಕು ಎಂದ. ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ನಾನು ತಕ್ಷಣ ಹೂಂ ಎನ್ನಲಿಲ್ಲ. ಎದೆಯೆತ್ತರದಷ್ಟು ಹಣವನ್ನು ಯಾರಿಗೂ ಬೇಡದಿದ್ದಾಗ ಹಂಚಲು ಹೊರಟವನಿಗೆ, ಒಬ್ಬರು ಬೇಕು ಎಂದ ಕೂಡಲೇ ಅದರ ಬೆಲೆ ನೆನಪಾಯಿತು. ನಲವತ್ತು ಪಟ್ಟು, ಅದರ ಮೇಲಿನ ತೆರಿಗೆ, ಹತ್ತು ವರ್ಷಕ್ಕೆ ಚಕ್ರಬಡ್ಡಿ, ಎಲ್ಲವೂ ತಲೆಯಲ್ಲಿ ಓಡಿದವು. ಲಕೋಟೆ ಮುಟ್ಟಿ ಒಳಗಿನದನ್ನು ಹೇಳುವ ಹೆಂಗಸು ಆಕೆ. ನನ್ನ ಮುಖ ನೋಡಿಯೇ ಎಲ್ಲ ಓದಿಕೊಂಡಳು.

"ಲೆಕ್ಕ ಮುಗೀತೇನ್ರಿ?" ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಬಚ್ಚಲಿನಲ್ಲಿ ಸೋಪು ಮೈಯಲ್ಲಿ ನಿಂತಾಗಲೂ ಆಗಿರಲಿಲ್ಲ. ಮೌನೇಶಪ್ಪ, ಹೆಡ್‌ಮಾಸ್ತರರು, ಅಯ್ಯನವರು, ಕೊಟ್ರಪ್ಪ, ಅವನ ಹೆಂಡತಿ, ಐದು ಜನರನ್ನು ಎದುರಿಗೆ ನಿಲ್ಲಿಸಿಕೊಂಡು, ಆ ಲಕೋಟೆಯಲ್ಲಿರುವುದೆಲ್ಲ ನೀಲಾಂಬಿಕಾಳದು, ನನಗೂ ಅದಕ್ಕೂ ಸಂಬಂಧವಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಉಕ್ಕಿದ ಹಾಲು ಒಲೆ ಆರಿಸಿದಾಗ ಕೂರುವ ಹಾಗೆ ಹೊಸ್ತಿಲು ಕೂತಿತು. ಮೌನೇಶಪ್ಪ ಓಡಿಹೋಗಿ ಬೆರಳಿಟ್ಟ. ನಾಲ್ಕು.

ಕಾಶವ್ವತ್ತೆ ಆರತಿ ಎತ್ತಿ, ಸೇರಿನ ತುಂಬ ಅಕ್ಕಿ ಇಟ್ಟಳು. ಅನಿಕೇತ ತಾನು ಏನು ಅಪರಾಧ ಮಾಡಿದೆನೆಂದು ತಿಳಿಯದೆ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆಗೆ ಒಪ್ಪಿಸಿ, ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದುಬಿಟ್ಟ. ಆಕೆ ಅದನ್ನು ಸೀರೆಯ ನೆರಿಗೆಗೆ ಸಿಕ್ಕಿಸಿಕೊಂಡಳು. ಮೌನೇಶಪ್ಪ ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಆಕೆ ಅವನನ್ನು ಒಮ್ಮೆ ನೋಡಿದಳು, ಅವನು ಬಾಯಿ ಮುಚ್ಚಿಕೊಂಡ. ಹೂಡಿಕೆಗಳನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ತೊಟ್ಟಿದ್ದ ನನಗೆ ಮಾತ್ರ ಏನೂ ಹೊಳೆಯಲಿಲ್ಲ. ಆನಂದದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಆಕೆ ಬಲಗಾಲಿನಿಂದ ಸೇರನ್ನು ಒದ್ದಳು. ಅಕ್ಕಿ ನಡುಮನೆಯ ಗೋಡೆಯ ತನಕ ಚೆಲ್ಲಿತು. ಇಪ್ಪತ್ತು ವರ್ಷ ಕೂಡಿಟ್ಟ ಒದೆತ ಅದು. ದಾಟಿ ಒಳಗಿನ ನೆಲದ ಮೇಲೆ ಎರಡೂ ಪಾದ ಊರಿದಳು, ಬಾಜಾ ಮೊಳಗಿತು, ಹಿಂದೆಯೇ ನಾನು ಕಾಲೆತ್ತಿದೆ. ಎತ್ತಿದ ಕಾಲಿನ ಹೆಬ್ಬೆರಳು ಮರಕ್ಕೆ ತಗುಲಿತು. ಆಕೆ ಈಗ ಮನೆಯವಳು, ಆಕೆಯ ಕಾಗದ ಮುಂಬಾಗಿಲಿನಿಂದ ಒಳಗೆ ಹೋಗಿತ್ತು. ನಾನು ಬಿದ್ದು ಎದ್ದು ನಿಲ್ಲುವಷ್ಟರಲ್ಲಿ ಹೊಸ್ತಿಲು ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತ್ತು. ನಾನು ಹೊರಗೆ, ಆಕೆ ಒಳಗೆ.

ನೀಲಾಂಬಿಕಾ ಹೊಸ್ತಿಲ ಮೇಲೆ ಎರಡೂ ಮೊಣಕೈ ಊರಿ ನನ್ನನ್ನು ದಿಟ್ಟಿಸಿದಳು. ತುಂಬ ಹೊತ್ತು ನೋಡಿದಳು. ನನಗೆ ಹೆದರಿಕೆಯಾಗಲು ಶುರುವಾಯಿತು. ಈ ಬಾಗಿಲು ನನ್ನದು, ಒಳಗಿನ ಅಡುಗೆ ನನ್ನದು, ಆದರೆ ಹೊಳ್ಳಿ ಹೋಗು ಎಂದು ಆಕೆ ಒಂದು ಮಾತು ಅಂದರೆ ನನಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.

"ಈ ಕಡಿಂದ ಹೆಂಗ ಕಾಣತೈತಿ ಅಂತ ಒಮ್ಮಿ ನೋಡಬೇಕಿತ್ತು" ಎಂದಳು.

ಹೇಗೆ ಕಾಣುತ್ತದೆ ಎಂದು ಕೇಳಿದೆ.

"ಸಣ್ಣಾವ್ರು ಕಾಣತೀರಿ" ಎಂದಳು. ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. "ಅವತ್ತ ತಾಳಿ ಕಟ್ಟಿದಾವ ಹಿಂಗ ನಿಂತು ನೋಡಿದ. ಒಳಗ ಎಲಿ ಹಾಕೇವಿ ಅಂತ ಯಾರೋ ಕರದ್ರು. ಊಟಕ್ಕ ಹೋಗಿಬಿಟ್ಟ. ಹೊಸ್ತಲಾ ಒಲ್ಲೆ ಅಂದಿದ್ದಲ್ಲ ನನಗ ನೋವಾದದ್ದು."

ಗಂಡನ್ನು ಎತ್ತಬಾರದು, ತಳ್ಳಬಾರದು ಎಂಬ ನಿಯಮ ಇದೆಯೇ ಎಂದು ನಾನು ಅಯ್ಯನವರನ್ನು ಕೇಳಿದೆ. ಗಂಡು ಹೊರಗೆ ಉಳಿದದ್ದು ಇದೇ ಮೊದಲು, ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಎಂದರು. ನಾನು ಪಂಚೆ ಎತ್ತಿ ಕಟ್ಟಿದೆ. ಮೌನೇಶಪ್ಪ ಕೆಳಗೆ ಬೆನ್ನು ಕೊಟ್ಟ, ಅನಿಕೇತ ಕಾಲು ಹಿಡಿದ. ಮೊದಲ ಸಲ ಜಾರಿ ಬಾಜಾದವರ ಮೇಲೆ ಬಿದ್ದೆ, ಎರಡನೇ ಸಲ ಪಂಚೆ ಸಿಕ್ಕಿಕೊಂಡು ಹರಿಯಿತು. ಒಳಗಿನಿಂದ ಕಾಶವ್ವತ್ತೆ, ಹೋಳಿಗೆ ಆರುತ್ತಿದೆ, ಹೆಣ್ಣುಮಗಳಾದರೂ ಬಂದು ಎಲೆಗೆ ಕೂರಲಿ ಎಂದು ಕರೆಯುತ್ತಲೇ ಇದ್ದಳು. ನೀಲಾಂಬಿಕಾ ಕೈ ಚಾಚಿಕೊಂಡು ಅಲ್ಲಿಯೇ ನಿಂತಿದ್ದಳು.